ಕಿರಮಂಜಿ ಕಾಳು

ಗಂಟು ಬಿಚ್ಚುವವರೆಗೂ ಶಾಕೀರಾಳ ಮನಸ್ಸು ಆ ದಿನ ಹಗುರವಾಗಿಯೇ ಇತ್ತು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಬೆಳಿಗ್ಗೆ ಅನ್ನದ ಎಸರಿನಲ್ಲಿ ಇಳಿಬಿಟ್ಟಿದ್ದ ಪುಟ್ಟ ಬಟ್ಟೆಯ ಗಂಟನ್ನು ಅವಳು ಕೈಗೆತ್ತಿಕೊಂಡಳು. ಒಳಗಿನ ಕಿರಮಂಜಿ ಕಾಳಿನಲ್ಲಿ ಇನ್ನೂ ಬಣ್ಣ ಉಳಿದಿದ್ದರೆ ಒಣಗಿಸಿ ಇಟ್ಟುಕೊಳ್ಳಬಹುದು, ರಂಜಾನ್ ಹಬ್ಬಕ್ಕೆ ಮಗಳ ಹಳೆಯ ದುಪಟ್ಟಾ ಅದ್ದಲಿಕ್ಕಾದರೂ ಆದೀತು ಎಂದುಕೊಂಡು ಹಲ್ಲಿನಿಂದ ನೂಲು ಸಡಿಲಿಸಿದಳು. ಹೊಳಬಸಪ್ಪನ ಅಂಗಡಿಯಿಂದ ತಂದಾಗ ಆ ಕಾಳು ಸಣಕಲಾಗಿ, ಬೂದಿ ಸವರಿದಂತೆ, ಮೂಲಂಗಿ ಬೀಜಕ್ಕಿಂತ ಸ್ವಲ್ಪ ದೊಡ್ಡದಾಗಿ ಇದ್ದವು. ಈಗ ರಾತ್ರಿಯಿಡೀ ನೆನೆದು, ಬೆಳಿಗ್ಗೆ ಕುದ್ದು, ಉಬ್ಬಿಕೊಂಡಿದ್ದವು. ಒಂದನ್ನು ಅಂಗೈಯಲ್ಲಿಟ್ಟು ಹೊರಳಿಸಿದಳು. ಬೆನ್ನಿನ ಮೇಲೆ ಅಡ್ಡಡ್ಡವಾಗಿ ಉಂಗುರಗಳಿದ್ದವು. ಬೀಜಕ್ಕೆ ಹೀಗೆ ಉಂಗುರ ಇರುತ್ತದೆಯೇ ಎಂದು ಮಗುಚಿ ಹಾಕಿದಳು. ಹೊಟ್ಟೆಯ ಕಡೆ, ಕೂದಲಿಗಿಂತ ತುಸು ದಪ್ಪಗೆ, ಒಳಕ್ಕೆ ಮಡಚಿಕೊಂಡ ಕಾಲುಗಳು. ಚಳಿಗೆ ಮುದುಡಿ ಮಲಗಿದ ಕೂಸು ಕೈಕಾಲು ಎದೆಗೆ ಎಳೆದುಕೊಂಡಿರುತ್ತದಲ್ಲ, ಹಾಗೆ. ಅವಳು ಇನ್ನೊಂದನ್ನು ತೆಗೆದುಕೊಂಡಳು. ಅದಕ್ಕೂ ಇದ್ದವು. ಮತ್ತೊಂದನ್ನು ಉಗುರಿನಿಂದ ಒತ್ತಿದಾಗ ಅದು ಒಡೆದು, ಉಗುರಿನ ಸಂದಿಯೆಲ್ಲ ಕೆಂಪಾಯಿತು. ಒಳಗೆ ಪಡಸಾಲೆಯಲ್ಲಿ ಹೆಂಗಸರು ಊಟ ಮುಗಿಸಿ ನಗುತ್ತಿದ್ದರು. ಯಾರೋ "ಬಣ್ಣ ನೋಡ್ರೆ, ಮದಲಗಿತ್ತಿ ಸೀರಿ ಹಂಗ ಐತಿ" ಎಂದರು.

ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ಕುಳಿತಳು. ಎದ್ದು ಒಳಗೆ ಹೋಗಬೇಕು, ಕೈ ತೊಳೆಯಲು ನೀರು ಕೊಡಬೇಕು, ಎಲೆ ಅಡಿಕೆಯ ತಟ್ಟೆ ಇಡಬೇಕು ಎಂದು ಮನಸ್ಸು ಹೇಳುತ್ತಿತ್ತು. ಹುಳ ಎನ್ನುವ ಮಾತನ್ನು ಅವಳು ಇನ್ನೂ ತನ್ನೊಳಗೆ ಆಡಿರಲಿಲ್ಲ. ಆಡದಿದ್ದರೆ ಅದು ಕಾಳಾಗಿಯೇ ಉಳಿಯಬಹುದೇನೋ. ಯುದ್ಧ ಶುರುವಾದ ಮೇಲೆ ರೇಶನ್ನಿನಲ್ಲಿ ಬಂದ ಜೋಳದಲ್ಲಿ ಹುಳ ಇರುತ್ತಿರಲಿಲ್ಲವೇ, ಮೊರದಲ್ಲಿ ಹಾಕಿ ಕೇರಿ, ಬೆಳಕಿಗೆ ಹಿಡಿದು ಆರಿಸಿ, ಆದರೂ ಒಂದೋ ಎರಡೋ ನುಸಿ ಹಿಟ್ಟಿನಲ್ಲಿ ಸೇರಿ ರೊಟ್ಟಿಯಾಗಿರಬಹುದು. ಅದಕ್ಕೆ ಯಾರು ಏನು ಮಾಡಲು ಸಾಧ್ಯ. ಆದರೆ ಅದು ತಾನಾಗಿ ಬಿದ್ದದ್ದು. ಇದು ಅವಳು ಅಂಗಡಿಗೆ ಹೋಗಿ, ತೂಗಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಒರಳಿನಲ್ಲಿ ಅರ್ಧದಷ್ಟನ್ನು ತಾನೇ ಕುಟ್ಟಿ, ಬಣ್ಣ ಕಚ್ಚಲೆಂದು ಫಟಕಿಯ ಚೂರು ಸೇರಿಸಿ, ಬಣ್ಣ ಬಿಟ್ಟದ್ದನ್ನು ಕಂಡು ಹಿಗ್ಗಿ, ಅಲ್ಲಾಹನ ಹೆಸರು ಹೇಳಿಕೊಂಡು ಹರಕೆಯ ಅನ್ನಕ್ಕೆ ಹಾಕಿದ್ದು. ಮೊದಲ ತುತ್ತನ್ನು ತನ್ನ ಕೈಯಾರೆ ಮಗಳು ಜೈತೂನಳ ಬಾಯಿಗಿಟ್ಟಿದ್ದು.

ಜೈತೂನಳ ನಾಲಿಗೆ. ಎಲ್ಲವೂ ಆ ನಾಲಿಗೆಯಿಂದಲೇ ಶುರುವಾದದ್ದು. ಮಳೆಗಾಲದ ಕೊನೆಗೆ ಮಗಳು ವಿಷಮಜ್ವರದಲ್ಲಿ ಮಲಗಿದ್ದಾಗ ಅವಳ ನಾಲಿಗೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಾಗಿತ್ತು, ತುದಿಯಲ್ಲಿ ಮಾತ್ರ ಒಣಗಿದ ಬಿರುಕು. ಶಿಗ್ಗಾಂವಿಯಿಂದ ಬಂದ ಡಾಕ್ಟರು ದಿನಾ ಅದನ್ನೇ ನೋಡುತ್ತಿದ್ದರು, "ನಾಲಿಗಿ ತಗಿ ಮಗಾ" ಎನ್ನುತ್ತಿದ್ದರು, ನೋಡಿ ಏನೂ ಹೇಳದೆ ಚೀಲ ಕಟ್ಟುತ್ತಿದ್ದರು. ಅವರ ಆ ಸುಮ್ಮನಿರುವಿಕೆಯನ್ನು ಶಾಕೀರಾ ದಿನವಿಡೀ ಬಿಡಿಸಿ ಬಿಡಿಸಿ ಓದುತ್ತಿದ್ದಳು. ಒಲೆಯ ಹತ್ತಿರ ಇದ್ದೂ ಇದ್ದೂ ಕೈ ಯಾವಾಗಲೂ ಬಿಸಿ; ಆ ಕೈಯಿಂದ ಮುಟ್ಟಿದರೆ ಜ್ವರ ಏರಿದೆಯೋ ಇಳಿದಿದೆಯೋ ತಿಳಿಯುವುದಿಲ್ಲವೆಂದು ತನ್ನ ಕೆನ್ನೆಯನ್ನು ಮಗಳ ಹಣೆಗೆ ಒತ್ತಿ ನೋಡುತ್ತಿದ್ದಳು. ಹಾಗೆ ಒತ್ತಿಕೊಂಡಿದ್ದಾಗಲೇ ಒಂದು ಸಲ ಬಾಯಿಂದ ಹರಕೆ ಬಂದುಬಿಟ್ಟಿತ್ತು: ಈ ನಾಲಿಗೆ ಮೊದಲಿನ ಹಾಗೆ ಕೆಂಪಾದರೆ ರಜಬ್ ತಿಂಗಳಲ್ಲಿ ಕೆಂಪು ಅನ್ನದ ಕೂಂಡಾ ತುಂಬಿಸುತ್ತೇನೆ. ಕೆಂಪು ಎಂದು ಯಾರೂ ಕೇಳಿರಲಿಲ್ಲ. ಅವರ ಮನೆಯಲ್ಲಿ ಯಾವ ಕಾಲಕ್ಕೂ ಕೂಂಡಾ ತುಂಬಿಸುತ್ತಿದ್ದದ್ದು ಬಿಳಿಯ ಸಿಹಿಯನ್ನದಿಂದಲೇ. ಅಗಲ ಬಾಯಿಯ ಹೊಸ ಮಣ್ಣಿನ ಪಾತ್ರೆಯಲ್ಲಿ ಅನ್ನ ತುಂಬಿ, ಫಾತೆಹಾ ಓದಿಸಿ, ಕರೆದವರಿಗೆಲ್ಲ ಅಲ್ಲೇ ಕೂರಿಸಿ ಉಣಿಸುವುದು. ಅತ್ತೆ ಚಾಂದಬಿ ಮೊನ್ನೆಯೂ ಹೇಳಿದ್ದಳು, "ಬಿಳೀದ ಸಾಕಲ್ಲ ಹುಡುಗಿ. ನಮ್ಮ ಮನ್ಯಾಗ ಕೆಂಪ ಯಾರ ಮಾಡ್ಯಾರ? ಇದೇನ ಮದವಿ ಏನ?" ಎಂದು. ಶಾಕೀರಾ ತಲೆ ತಗ್ಗಿಸಿಕೊಂಡೇ "ಹರಕಿ ಹಂಗ ಹೊತ್ತೇನ್ರಿ ಅಮ್ಮಾ" ಎಂದಿದ್ದಳು. ಹಾಗೆ ಹೇಳುವಾಗ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಸೊಕ್ಕು ಇತ್ತು. ನನ್ನ ಮಗಳು, ನನ್ನ ಹರಕೆ, ನನ್ನ ಬಣ್ಣ. ಈಗ ಆ ಸೊಕ್ಕು ಅಂಗೈಯಲ್ಲಿ ಕಾಲು ಮಡಚಿಕೊಂಡು ಮಲಗಿತ್ತು.

"ಏನ ಶಾಕೀರಾ, ಕೈಯೆಲ್ಲಾ ಗೋರಂಟಿ ಹಚ್ಚಿಕೊಂಡೀಯಲ್ಲ! ಗಂಡನ್ನ ಎರಡನೇ ಸಲ ಮದವಿ ಆಗಾಕತ್ತೀಯೇನ?"

ಹಿತ್ತಲ ಗೋಡೆಯ ಆಚೆಯಿಂದ ಕರೆವ್ವ ಇಣುಕಿದಳು. ಪಕ್ಕದ ಮನೆಯ ಲಿಂಗವಂತರ ಹೆಂಗಸು. ಮಗಳ ಜ್ವರದ ದಿನಗಳಲ್ಲಿ ಇದೇ ಗೋಡೆಯ ಮೇಲಿಂದ ಗಂಜಿಯ ಬಟ್ಟಲು ದಾಟಿಸಿದವಳು. ಶಾಕೀರಾ ಗಂಟನ್ನು ಸೆರಗಿನೊಳಗೆ ಸರಿಸಿದಳು.

"ಬಣ್ಣಾ ಕರೆವ್ವಾ. ಹೋಗವಲ್ಲದು."

"ಹೋಗೂದಿಲ್ಲ ಬಿಡು. ಗೌರಿ ಹುಣ್ಣಿವಿಗೆ ನಾನೂ ಅದನ್ನ ತಂದಿದ್ದೆ, ಹೊಳಬಸಪ್ಪನ ಅಂಗಡೀದು. ಯುದ್ಧ ಹತ್ತಿ ಡಬ್ಬಿ ಬಣ್ಣ ಬರೂದು ನಿಂತ ಮ್ಯಾಲೆ ಊರಿಗೆಲ್ಲಾ ಅದ ಅಲ್ಲೇನು? ಅವರಪ್ಪನ ಕಾಲದಾಗ ನೇಕಾರರಿಗೆ ಮಾರ್ತಿದ್ರಂತ. ಸಕ್ಕರಿ ಆರತಿ, ಅಚ್ಚಿನ ಆನಿ ಒಂಟಿ ಗೊಂಬಿ ಎಲ್ಲಾ, ಎಷ್ಟ ಛಂದ ಆದ್ವು ಅಂತಿ! ನಮ್ಮ ಸಣ್ಣಾಂವ ಕೆಂಪ ಆನಿ ಸೊಂಡಲಾ ಕಡಕೊಂಡು ತಿಂದು, ದೇವರ ಮುಂದ ಸೊಂಡಲಿಲ್ಲದ ಆನಿ ಇಟ್ಟ ಆರತಿ ಮಾಡಿದಿವಿ." ಕರೆವ್ವ ಬಾಯಿ ತುಂಬ ನಕ್ಕಳು. "ಯಾಕ, ಮಾರಿ ಹಂಗ್ಯಾಕ ಸಪ್ಪಗ ಮಾಡೀದಿ? ಚಾಂದಬಿ ಬೈದಳೇನ?"

ಕರೆವ್ವಳ ಮನೆಯಲ್ಲಿ ತತ್ತಿಯನ್ನೂ ಒಳಗೆ ತರುವುದಿಲ್ಲ. ನೀರನ್ನು ಮೂರು ಪದರಿನ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಹೇಳಲೇ ಎಂದುಕೊಂಡಳು ಶಾಕೀರಾ. ಹೇಳಿದರೆ ಕರೆವ್ವ ಮೊದಲು ನಗುತ್ತಾಳೆ, ಆಮೇಲೆ ಗೋಡೆ ಹಿಡಿದುಕೊಳ್ಳುತ್ತಾಳೆ, ಆಮೇಲೆ ಒಳಗೆ ಹೋಗಿ ಮಗನ ಮುಖ ನೋಡುತ್ತಾಳೆ, ಆನೆಯ ಸೊಂಡಿಲನ್ನು ನೆನಪಿಸಿಕೊಳ್ಳುತ್ತಾಳೆ. ಪ್ರತಿ ಹುಣ್ಣಿಮೆಗೂ ನೆನಪಿಸಿಕೊಳ್ಳುತ್ತಾಳೆ. ಒಂದು ಮಾತು ಈ ಗೋಡೆಯನ್ನು ದಾಟಿ ಹೋದರೆ ಓಣಿಯ ಮನೆಮನೆಯ ಬಾಯಿಯಲ್ಲಿ ಹುಳ ಎದ್ದು ಓಡಾಡತೊಡಗುತ್ತವೆ.

"ಏನಿಲ್ಲ. ನಸುಕಿನ್ಯಾಗ ಎದ್ದೀನಿ, ಅದಕ್ಕ."

"ಪಾಪ. ಇವತ್ತೊಂದಿನ ಬಿಡು. ಹುಡುಗಿ ಮಾರಿ ನೋಡು, ಹೆಂಗ ತುಂಬಿಕೊಂಡೈತಿ," ಎಂದು ಕರೆವ್ವ ಮರೆಯಾದಳು.

ಶಾಕೀರಾ ಒಳಗೆ ಬಂದಾಗ ಹೆಂಗಸರು ಏಳುತ್ತಿದ್ದರು. ಅವಳು ಒಬ್ಬೊಬ್ಬರ ಕೈಗೂ ನೀರು ಹಾಕಿದಳು. ಬೆರಳುಗಳಿಂದ ತಿಳಿಗೆಂಪು ನೀರು ತಾಟಿಗೆ ಇಳಿಯಿತು. ಯಾರನ್ನೂ ಮುಖ ಎತ್ತಿ ನೋಡಲಾಗಲಿಲ್ಲ. ಮಾತಾಡಿದವರ ತುಟಿಯ ಮೇಲೆಯೇ ಕಣ್ಣು ನಿಲ್ಲುತ್ತಿತ್ತು. ಒಬ್ಬಳು ಅವಳ ಗಲ್ಲ ಹಿಡಿದು, "ನಿನ್ನ ಕೈ ಸವಿ ಐತಿ ಬೇಟಿ" ಎಂದಳು. ಅವಳು ತಂಬಿಗೆ ಎತ್ತಿಕೊಂಡು ಮುಂದಿನವಳ ಕೈಗೆ ನೀರು ಹಾಕಿದಳು. ಎಲ್ಲರೂ ಹೋದ ಮೇಲೆ ಚಾಂದಬಿ ಅಡಿಗೆ ಮನೆಯಲ್ಲಿ ಬಗ್ಗಿ, ಕೂಂಡಾದ ಮೇಲಿನ ಬಿಳಿಯ ಅರಿವೆ ಸರಿಸಿ ನೋಡಿದಳು. ಅರ್ಧ ಪಾತ್ರೆ ಇನ್ನೂ ಉಳಿದಿತ್ತು.

"ಹಾನಗಲ್ಲಿನವರಿಗೆ ಸಾಕಾಗ್ತೈತಿ. ಚಕ್ಕಡಿ ಇಳಿಹೊತ್ತಿಗೆ ಬರ್ತೈತಿ. ನನ್ನ ತಂಗಿ ತನ್ನ ಸೊಸಿನ್ನೂ ಕರಕೊಂಡ ಬರಾಕತ್ತಾಳ, ಬಸರಿ ಅದಾಳ ಹುಡುಗಿ, ಮೊದಲ ಅಕಿಗೇ ನೀಡು. ಹೊಟ್ಟ್ಯಾಗಿಂದಕ್ಕೂ ಛಲೋ ಆಗ್ತೈತಿ." ಅರಿವೆ ಮುಚ್ಚುತ್ತ ಅತ್ತೆ ಮತ್ತೆ ಹೇಳಿದಳು, ಶಾಕೀರಾಳಿಗೆ ಗೊತ್ತಿಲ್ಲವೆಂಬಂತೆ: "ನೆನಪೈತಲ್ಲ? ಒಂದ ಅಗಳ ಸುದ್ದಾ ಹೊಸ್ತಿಲಾ ದಾಟಬಾರದು. ಹೊತ್ತ ಮುಳಗಿ ಮಗರಿಬ್ ಬಾಂಗ್ ಕೂಗೂದರಾಗ ಪಾತ್ರಿ ಬರಿದಾಗಬೇಕು. ಮಾಡಿನ ಕೆಳಗ ಆದ ಹರಕಿ ಮಾಡಿನ ಕೆಳಗ ತೀರಬೇಕು. ಇಲ್ಲಂದ್ರ ತಿರುಗಿ ಬರ್ತೈತಿ."

ತಿರುಗಿ ಬರುತ್ತದೆ ಎಂದರೆ ಏನು ಎಂದು ಅತ್ತೆ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಪಡಸಾಲೆಯ ಹೊರಸಿನ ಮೇಲೆ ಜೈತೂನ ಬಟ್ಟೆಯ ಗೊಂಬೆಗೆ ಏನನ್ನೋ ಉಣಿಸುವ ಆಟ ಆಡುತ್ತಿದ್ದಳು. ಶಾಕೀರಾ ಹೋಗಿ ಪಕ್ಕದಲ್ಲಿ ಕುಳಿತು, ಅವಳ ಹಣೆಗೆ ಕೆನ್ನೆ ಒತ್ತಿದಳು. ಬೆಚ್ಚಗಿತ್ತೇ? ಮಧ್ಯಾಹ್ನದ ಬೆಚ್ಚಗೋ, ಅದಕ್ಕಿಂತ ಹೆಚ್ಚೋ? ಮತ್ತೆ ಒತ್ತಿದಳು. "ಬಿಡ ಅವ್ವಾ, ಗೊಂಬಿ ಊಟ ಮಾಡಾಕತ್ತೈತಿ" ಎಂದು ಮಗಳು ಕೊಸರಿಕೊಂಡಳು. "ನಾಲಿಗಿ ತೋರ್ಸು," ಎಂದಳು ಶಾಕೀರಾ. ಜೈತೂನ ಪೂರ್ತಿ ನಾಲಿಗೆ ಚಾಚಿದಳು, ಡಾಕ್ಟರಿಗೆ ತೋರಿಸಿ ರೂಢಿಯಾದ ಹಾಗೆ. ಅದು ಕೆಂಪಗಿತ್ತು. ತಿಂಗಳುಗಟ್ಟಲೆ ಕಾದು ಕಾದು ಬೇಡಿಕೊಂಡಿದ್ದ ಆ ಕೆಂಪು, ಈಗ ಕಣ್ಣೆದುರಿಗೆ ಹೊಳೆಯುತ್ತಿತ್ತು. ಅದರಲ್ಲಿ ರಕ್ತದ್ದೆಷ್ಟು, ಹುಳದ್ದೆಷ್ಟು ಎಂದು ಬೇರೆ ಮಾಡಿ ನೋಡಲು ಅವಳಿಂದಾಗಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಹಜರತ್ ಇನ್ನೂ ಇದ್ದರು. ಓಣಿಯ ಮಸೀದಿಯಲ್ಲಿ ಮಕ್ಕಳಿಗೆ ಓದು ಕಲಿಸುವ ಮುದುಕರು. ಬೆಳಿಗ್ಗೆ ಫಾತೆಹಾ ಓದಿ, ಎಲ್ಲರ ಜೊತೆ ಉಂಡು, ಬಿಸಿಲು ಇಳಿಯಲಿ ಎಂದು ಅಲ್ಲೇ ಅಡ್ಡಾಗಿದ್ದರು. ಗಂಡ ಹಯಾತ ತೋಟದ ವೀಳ್ಯದೆಲೆಯ ಕಟ್ಟುಗಳನ್ನು ಹೇರಿಕೊಂಡು ಶಿಗ್ಗಾಂವಿಯ ಸಂತೆಗೆ ಹೋಗಿದ್ದ. ಅವನಿದ್ದಿದ್ದರೆ ಅವನ ಕೈಯಲ್ಲಿ ಕೇಳಿಸಬಹುದಾಗಿತ್ತು. ಆದರೆ ಹಾಗೆ ಕೇಳಿಸಬೇಕಾದರೆ ಮೊದಲು ಅವನಿಗೆ ಹೇಳಬೇಕಾಗುತ್ತಿತ್ತು. ಅತ್ತೆ ಆಡಿಗೆ ಸೊಪ್ಪು ಹಾಕಲು ಕೊಟ್ಟಿಗೆಗೆ ಹೋದದ್ದನ್ನು ನೋಡಿಕೊಂಡು ಅವಳು ಬಾಗಿಲಿನ ತಟ್ಟಿನ ಪರದೆಯ ಹಿಂದೆ ಬಂದು ನಿಂತಳು. ಪರದೆಯ ಅಂಚನ್ನು ಅಲುಗದಂತೆ ಹಿಡಿದುಕೊಂಡಳು.

"ಹಜರತ್, ಹಿರೇಕೆರೂರಿನ ನಮ್ಮಕ್ಕ ಒಂದ ಮಾತ ಕೇಳಿ ಕಳಿಸ್ಯಾಳ್ರಿ."

"ಕೇಳ ಮಗಳ."

"ಅಡಿಗ್ಯಾಗ ಹುಳದಿಂದ ತಗದ ಬಣ್ಣಾ ಹಾಕಿದ್ರ... ಅದು ನಡೀತೈತೇನ್ರಿ? ಹಲಾಲ್ ಏನ್ರಿ?"

ಮುದುಕರು ಎದ್ದು ಕುಳಿತರು. ಅವರಿಗೆ ಹುರುಪು ಬಂತು. ಇತ್ತೀಚೆಗೆ ಯಾರೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. "ಹುಳ ತಾನಾಗಿ ಬಿದ್ದದ್ದೋ, ಇವರ ಹಾಕಿದ್ದೋ?"

"ಹಾಕಿದ್ದರಿ. ಕಾಳಂತ ತಿಳದು."

"ಹಾಂ. ನೋಡು, ನಮ್ಮ ಇಮಾಮರ ಮಾತಿನ ಪ್ರಕಾರ ಹುಳಾ ಹುಪ್ಪಡಿ ತಿನ್ನಂಗಿಲ್ಲ. ಮಿಡತಿ ಒಂದು ಬಿಟ್ಟು. ನೊಣಾ ಬಿದ್ರ ತಗದ ಒಗದು ಹಾಲ ಕುಡೀಬಹುದು, ಯಾಕಂದ್ರ ಅದರಾಗ ಹರಿಯೂ ರಕ್ತ ಇಲ್ಲ, ಹಾಲ ಕೆಟ್ಟು ನಾಪಾಕ್ ಆಗೂದಿಲ್ಲ. ಅಂದ್ರ ನೊಣಾನ ತಿನ್ನಬಹುದು ಅಂತ ಆಗೂದಿಲ್ಲ. ಜೇನ ತಿಂತೇವಿ, ಜೇನಹುಳಾ ತಿಂತೇವೇನು? ಅಂಥಾ ಬಣ್ಣಾ ಬಟ್ಟಿಗೆ ಹಚ್ಚು, ನಮಾಜ್ ಮಾಡು, ಏನೂ ಅಡ್ಡಿಯಿಲ್ಲ. ಬಾಯಿಗೆ ಅಂದ್ರ ಬ್ಯಾಡ ಅನ್ನವರ ಭಾಳ. ಕುದ್ದು ಕರಗಿ ಬ್ಯಾರೆನ ಆಗಿ ಹೋದ ಮ್ಯಾಲೆ ಅದು ಹುಳ ಹೆಂಗಾದೀತು ಅಂತ ಕೇಳೂವರೂ ಇದ್ದಾರು. ನನ್ನ ಕಣ್ಣ ಹೋಗ್ಯಾವ, ಕಿತಾಬ್ ತಗದು ನೋಡಾಕ ಆಗೂದಿಲ್ಲ. ಹುಬ್ಬಳ್ಳ್ಯಾಗ ಭಾಳ ಓದಿದ ದೊಡ್ಡ ಆಲಿಮ್ ಅದಾರ, ಅವರನ್ನ ಕೇಳಂತ ಹೇಳು ನಿಮ್ಮಕ್ಕಗ."

"ತಿಂದವರ ಗತಿ ಏನ್ರಿ?"

"ಯಾವಾಗ ಗೊತ್ತಾತು? ತಿನ್ನೂಕಿಂತ ಮೊದಲೋ, ಆಮ್ಯಾಲೋ?"

ಅವಳು ಸೆರಗಿನೊಳಗಿನ ಗಂಟನ್ನು ಮುಟ್ಟಿ ನೋಡಿದಳು. "ನಡುವರಿ."

"ನಡುವ?" ಹಜರತ್ ನಕ್ಕರು. "ಹಂಗಾದ್ರ ಇಷ್ಟ ಹೇಳು. ತಿಳೀದ ತಿಂದವರ ಮ್ಯಾಲೆ ಏನೂ ಇಲ್ಲ, ಅಲ್ಲಾಹ್ ಮಾಫ್ ಮಾಡಾಂವ. ತಿಳದಾಕಿ ಮ್ಯಾಲೆ ಐತಿ. ತಿಳದು ತಿನ್ನೂದು ಒಂದು, ತಿಳದು ಮತ್ತೊಬ್ಬರಿಗೆ ತಿನ್ಸೂದು ಅದಕ್ಕಿಂತ ದೊಡ್ಡದು. ಉಳದದ್ದನ್ನ ಯಾರಿಗೂ ನೀಡಬ್ಯಾಡ ಅನ್ನು."

"ಹರಕಿ ಅನ್ನಾ ಆಗಿದ್ರರಿ?"

"ಹರಕೀದ ಆದ್ರೇನು, ಹಸಿವೀದ ಆದ್ರೇನು. ನಿಮ್ಮಕ್ಕ ಭಾಳ ಅಂಜ್ಯಾಳೇನು?"

"ಭಾಳ ಅಂಜ್ಯಾಳ್ರಿ."

"ಅಂಜಬ್ಯಾಡ ಅನ್ನು. ನೀ ಇವತ್ತ ಮಾಡಿದ್ದು ಮಾತ್ರ ಭಾಳ ಛಲೋ ಆಗಿತ್ತು ನೋಡು. ಇನ್ನೂ ನಾಲಿಗಿ ಮ್ಯಾಲೈತಿ ಅದರ ಸವಿ." ಮುದುಕರು ನಾಲಿಗೆಯಿಂದ ತುಟಿ ಸವರಿಕೊಂಡರು. ತಟ್ಟಿನ ಸಂದಿಯಿಂದ ಅವಳಿಗೆ ಕಾಣಿಸಿತು: ಬಾಯಿಯ ಬಲಬದಿಯಲ್ಲಿ, ಬೆಳ್ಳನೆಯ ಗಡ್ಡದ ಒಂದು ಎಳೆ ಕೆಂಪಾಗಿತ್ತು.

ಅಡಿಗೆ ಮನೆಗೆ ಬಂದು ಅವಳು ಒಳಗಿನಿಂದ ಬಾಗಿಲು ಮುಂದೆ ಮಾಡಿಕೊಂಡಳು. ಉಂಡು ಹೋದವರೆಲ್ಲ ಪಾರಾಗಿದ್ದರು. ಹಜರತ್ ಪಾರು, ಅತ್ತೆ ಪಾರು, ಜೈತೂನ ಪಾರು. ತಿಳಿಯದವರೆಲ್ಲರೂ ನದಿಯ ಆಚೆ ದಡದಲ್ಲಿ ನಗುತ್ತ ನಿಂತ ಹಾಗೆ, ತಾನೊಬ್ಬಳೇ ಈಚೆಗೆ, ಕೈಯಲ್ಲಿ ಒಂದು ಒದ್ದೆ ಗಂಟು ಹಿಡಿದುಕೊಂಡು. ಬಾಯಿ ಬಿಟ್ಟರೆ ಅವರೆಲ್ಲ ಒಬ್ಬೊಬ್ಬರಾಗಿ ಈಚೆಗೆ ಬರಬೇಕಾಗುತ್ತದೆ. ಬಿಡದಿದ್ದರೆ ಇಳಿಹೊತ್ತಿಗೆ ಆ ಬಸುರಿ ಹುಡುಗಿಯ ಮುಂದೆ ತಾಟು ಇಡಬೇಕು, ತಿಳಿದೂ ಇಡಬೇಕು. ಹಾಗೆ ಇಟ್ಟದ್ದು ಯಾರ ಲೆಕ್ಕಕ್ಕೆ ಹೋಗುತ್ತದೆ? ಪಾಪವಾದರೆ ನನಗೇ ಬರಲಿ, ಅದನ್ನು ಹೊರುತ್ತೇನೆ. ಆದರೆ ತಾಯಿಯ ಪಾಲಿನದು ತಾಯಿಯಲ್ಲೇ ನಿಲ್ಲುತ್ತದೆಂದು ಯಾರು ಹೇಳಿದ್ದಾರೆ? ಜ್ವರ ಬಂದಾಗ ನನಗೆ ಬರಲೆಂದು ಎಷ್ಟು ಬೇಡಿಕೊಂಡಿದ್ದೆ, ಬಂತೇ? ಅದು ಮಗಳ ಮೈಯನ್ನೇ ಹುಡುಕಿಕೊಂಡು ಹೋಗಿತ್ತು. ಅತ್ತೆಯ ಮಾತು ಕೇಳಿ ಉಳಿದದ್ದನ್ನು ಖಾಲಿ ಮಾಡದಿದ್ದರೆ ಹರಕೆ ತಿರುಗಿ ಬರುತ್ತದೆ. ಹಜರತರ ಮಾತು ಕೇಳದೆ ಉಣಿಸಿದರೆ ಪಾಪ ತಿರುಗಿ ಬರುತ್ತದೆ. ಎರಡೂ ಬರುವ ದಾರಿ ಹೊರಸಿನ ಮೇಲೆ ಗೊಂಬೆ ಹಿಡಿದು ಕುಳಿತವಳ ಕಡೆಗೇ ಇತ್ತು.

ಅರಿವೆ ಸರಿಸಿದಳು. ಹಾನಗಲ್ಲಿನಿಂದ ಅತ್ತೆಯ ತಂಗಿಯೇ ಕಳಿಸಿದ ಸಣ್ಣಕ್ಕಿ, ತುಪ್ಪದಲ್ಲಿ ಮಿಂದು, ಅಗುಳಿಗೆ ಅಗುಳು ಅಂಟದೆ ಬಿಡಿಬಿಡಿಯಾಗಿ ನಿಂತಿತ್ತು. ಬೆಳಿಗ್ಗೆ ಇದನ್ನು ಕಂಡು ಕಣ್ಣು ತುಂಬಿ ಬಂದಿತ್ತು. ಈಗ ಪ್ರತಿ ಅಗುಳೂ ಉಬ್ಬಿದ ಬೆನ್ನಿನಂತೆ ಕಾಣುತ್ತಿತ್ತು, ಮಗುಚಿದರೆ ಕೆಳಗೆ ಕಾಲುಗಳಿರಬಹುದು. ಒಬ್ಬಳೇ ಎಲ್ಲವನ್ನೂ ತಿಂದುಬಿಟ್ಟರೆ? ಮಾಡಿನ ಕೆಳಗೇ ತೀರುತ್ತದೆ, ಹೊಸ್ತಿಲು ದಾಟುವುದಿಲ್ಲ, ಬೇರೆ ಯಾರ ಬಾಯಿಗೂ ಹೋಗುವುದಿಲ್ಲ. ಅವಳು ಕುಳಿತು, ಬಿಸ್ಮಿಲ್ಲಾ ಎನ್ನಲು ಹೋಗಿ, ಇದರ ಮೇಲೆ ಆ ಹೆಸರು ಹೇಳಬಹುದೇ ಎಂದು ತಿಳಿಯದೆ, ಹೇಳದೆಯೇ ಒಂದು ಮುಷ್ಟಿ ಬಾಯಿಗೆ ತುಂಬಿಕೊಂಡಳು. ಸಿಹಿ, ಲವಂಗ, ತುಪ್ಪ. ಏನೂ ಬೇರೆ ರುಚಿ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು. ಅಗಿಯಲು ದವಡೆ ಒಪ್ಪಿತು, ನುಂಗಲು ಗಂಟಲು ಒಪ್ಪಲಿಲ್ಲ. ಬೆಳಿಗ್ಗೆ ಇದೇ ಗಂಟಲು ಇದೇ ಅನ್ನವನ್ನು ಎರಡು ಸಲ ನೀಡಿಸಿಕೊಂಡು ಉಂಡಿತ್ತು. ಅವಳು ಅಂಗೈಯೊಳಗೆ ಉಗುಳಿದಳು. ಕಣ್ಣಿನಲ್ಲಿ ನೀರು ಬಂದು, ಅಂಗೈಯಲ್ಲಿದ್ದದ್ದು ಒಂದೇ ಕೆಂಪು ಮುದ್ದೆಯಾಗಿ ಕಂಡಿತು.

ಓಣಿಯ ತುದಿಯಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು.

"ಬಂದ್ರು, ಬಂದ್ರು! ಶಾಕೀರಾ, ಪಾತ್ರಿ ಪಡಸಾಲಿಗೆ ತಗೊಂಡ ಬಾ," ಎಂದು ಕೂಗುತ್ತ ಚಾಂದಬಿ ಮುಂಬಾಗಿಲಿಗೆ ಓಡಿದಳು. ಹೊರಗೆ ಗದ್ದಲವಾಯಿತು, ಚಕ್ಕಡಿಯಿಂದ ಇಳಿಯುವವರ ಕಾಲು, "ಸಾವಕಾಶ ಇಳಿ, ಸಾವಕಾಶ" ಎನ್ನುವ ಅತ್ತೆಯ ತಂಗಿಯ ದನಿ, ಬಸುರಿ ಹುಡುಗಿಯ ಸಣ್ಣ ನಗು. ಶಾಕೀರಾ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂಂಡಾವನ್ನು ಎತ್ತಿಕೊಂಡಳು. ಹೊಟ್ಟೆಗೆ ಆನಿಸಿಕೊಂಡು ಎತ್ತಬೇಕಾದಷ್ಟು ಭಾರವಿತ್ತು. ಜೈತೂನ ಹೊಟ್ಟೆಯಲ್ಲಿದ್ದಾಗ ಹೀಗೇ ಎರಡೂ ಕೈ ಕೆಳಗೆ ಕೊಟ್ಟು ನಡೆಯುತ್ತಿದ್ದಳು. ಒಲೆಯ ಪಕ್ಕ ಒರಳುಕಲ್ಲು ಇತ್ತು, ನಿನ್ನೆ ಆ ಕಾಳನ್ನು ಕುಟ್ಟಿದ ಒರಳು. ಅದರ ಹತ್ತಿರ ಬಂದಾಗ ಕಾಲು ಎಡವಲಿಲ್ಲ, ಕೈ ಜಾರಲಿಲ್ಲ. ಹಾಗೆ ಏನಾದರೂ ಆಗಲಿ ಎಂದು ಅವಳು ಒಂದು ಕ್ಷಣ ಕಾದಳು. ಏನೂ ಆಗಲಿಲ್ಲ. ಆಗ ಅವಳು ಎರಡೂ ಕೈಗಳನ್ನು ತಾನೇ ಬಿಡಿಸಿದಳು.

ಸಪ್ಪಳಕ್ಕೆ ಎಲ್ಲರೂ ಒಳಗೆ ಬಂದರು. ಮಣ್ಣಿನ ಚೂರುಗಳ ನಡುವೆ ಕೆಂಪು ಅನ್ನ ಸೆಗಣಿ ಸಾರಿಸಿದ ನೆಲದ ಮೇಲೆ ಹರಡಿತ್ತು. ಚಾಂದಬಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೈಯಾಗ ಜೀವ ಇರಲಿಲ್ಲೇನ ನಿನಗ? ಹರಕೀ ಪಾತ್ರಿ! ನೂರ ಸಲ ಹೇಳಿದೆ, ಬಿಳೀದ ಮಾಡು, ಬಿಳೀದ ಮಾಡು ಅಂತ. ಕೆಂಪ ಬೇಕಂತ ಕೆಂಪ! ಈಗ ನೋಡು, ರಕ್ತಾ ಚೆಲ್ಲಿದಂಗ ಚೆಲ್ಲಿ ಕುಂತೀದಿ."

"ಹೋಗ್ಲಿ ಬಿಡ ಅಕ್ಕಾ, ಮಣ್ಣಿಂದು ಒಡೀತೈತಿ," ಎಂದಳು ಅವಳ ತಂಗಿ. "ಅಕಿ ಮಾರಿ ನೋಡು, ಹೆಂಗ ಬೆವತಾಳ."

"ನಿನಗೇನ ಗೊತ್ತು ಬಿಡ ಅನ್ನಾಕ? ಆ ಹುಡುಗಿ ಮಲಗಿದ್ದು ನೀ ನೋಡೀಯೇನ? ನಾ ನೋಡೇನಿ." ಚಾಂದಬಿಯ ದನಿ ಒಡೆಯಿತು. ಬೈಗುಳದ ಕೆಳಗೆ ತನ್ನದೇ ಭಯ ಅತ್ತೆಯಲ್ಲೂ ಇದ್ದದ್ದು ಶಾಕೀರಾಳಿಗೆ ಆಗ ಕಾಣಿಸಿತು. ಅದನ್ನು ಇಳಿಸಬಲ್ಲ ಒಂದು ಮಾತೂ ತನ್ನ ಹತ್ತಿರ ಇರಲಿಲ್ಲ, ಇದ್ದದ್ದು ಹೆಚ್ಚಿಸುವ ಮಾತು ಮಾತ್ರ. ಅವಳು ತಲೆ ತಗ್ಗಿಸಿ ಚೂರು ಆರಿಸತೊಡಗಿದಳು. ಬಸುರಿ ಹುಡುಗಿ ಕಷ್ಟಪಟ್ಟು ಬಗ್ಗಿ, ಅನ್ನದ ಗುಡ್ಡೆಯನ್ನೇ ನೋಡುತ್ತಿದ್ದಳು. "ಮ್ಯಾಲಿಂದು ಮಣ್ಣ ಹತ್ತಿಲ್ಲಲ್ರಿ ಅತ್ತಿ," ಎಂದಳು ನಾಚಿಕೊಂಡು, "ದಾರಿ ಉದ್ದಕ್ಕ ಇದನ್ನ ನೆನಸಿಕೋತ ಬಂದೇನಿ. ಒಂದ ತುತ್ತು," ಎಂದು ಕೈ ಚಾಚಿದಳು.

"ಬ್ಯಾಡ!"

ಅಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಶಾಕೀರಾಳಿಗೆ ನಂಬಲಾಗಲಿಲ್ಲ. ಆ ಹುಡುಗಿಯ ಮಣಿಕಟ್ಟು ಅವಳ ಮುಷ್ಟಿಯಲ್ಲಿತ್ತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ಚೂರ ಅದಾವು," ಎಂದಳು, ದನಿ ತಗ್ಗಿಸಿ. "ಗಂಟಲಾಗ ಸಿಕ್ಕೀತು."

ಹುಡುಗಿ ಕೈ ಎಳೆದುಕೊಂಡು, ಕೆಂಪು ಹತ್ತಿದ ತನ್ನ ಮಣಿಕಟ್ಟನ್ನು ಉಜ್ಜಿಕೊಂಡಳು. ಅತ್ತೆಯ ತಂಗಿ ಸೊಸೆಯನ್ನು ಪಡಸಾಲೆಗೆ ಕರೆದುಕೊಂಡು ಹೋದಳು. ಅವರಿಗೆ ರೊಟ್ಟಿ ಪಲ್ಯ ಬಡಿಸಿ, ಹೊರಡಿಸಿ ಕಳಿಸುವಾಗ ಬಿಸಿಲು ಗೋಡೆ ಹತ್ತಿತ್ತು. ಚಾಂದಬಿ ಕೊಟ್ಟಿಗೆಯ ಮೂಲೆಯಲ್ಲಿ, ಮಾಡಿನ ಕೆಳಗೇ, ತಾನೇ ನೆಲ ಅಗೆದು ಕೊಟ್ಟಳು. ಶಾಕೀರಾ ಅನ್ನವನ್ನೂ ಚೂರುಗಳನ್ನೂ ಮೊರದಲ್ಲಿ ತುಂಬಿ ತಂದು ಸುರಿದಳು. ಯಾರೂ ನೋಡದಾಗ ಸೆರಗಿನ ಗಂಟನ್ನೂ ಅದರೊಳಗೆ ಹಾಕಿದಳು. ಮಣ್ಣು ಎಳೆದ ಮೇಲೆ ಅತ್ತೆ ಅದರ ಮೇಲೆ ನಿಂತು ತುಟಿಯಲ್ಲೇ ಏನೋ ಓದಿ, ಸೊಸೆಯ ಮುಖ ನೋಡದೆ ಒಳಗೆ ಹೋಗಿ ಚಾಪೆಯ ಮೇಲೆ ಮುಸುಕು ಹಾಕಿಕೊಂಡಳು.

ಬಾಂಗ್ ಇನ್ನೂ ಆಗಿರಲಿಲ್ಲ. ಅಡಿಗೆ ಮನೆಯ ನೆಲ ಒರೆಸಲು ಬಂದಾಗ ಅವಳಿಗೆ ಇರುವೆಗಳು ಕಂಡವು. ಒರಳಿನ ಬುಡದಿಂದ ಗೋಡೆಯ ಅಂಚು ಹಿಡಿದು, ಹಿತ್ತಲ ಬಾಗಿಲಿನವರೆಗೆ ಒಂದು ಸಾಲು. ಒರಳಿನ ಕೆಳಗೆ ಸಿಕ್ಕಿಕೊಂಡಿದ್ದ ಒಂದು ಅಗುಳನ್ನು ನಾಲ್ಕಾರು ಇರುವೆಗಳು ಸೇರಿ, ಎಳೆದು, ನಿಂತು, ಮತ್ತೆ ಎಳೆದು ಹೊಸ್ತಿಲಿನ ಮೇಲಕ್ಕೆ ಹತ್ತಿಸಿದ್ದವು. ಅವಳು ಒರೆಸುವ ಅರಿವೆಯನ್ನು ಎತ್ತಿದಳು. ಒಂದು ಸಲ ಒತ್ತಿದರೆ ಸಾಕಾಗಿತ್ತು. ಆದರೆ ಇಂದು ಹುಳ ಕುದಿಸಿದ್ದೇ ಸಾಕೆನಿಸಿತೋ, ಭಯವೇ ಕೈಯನ್ನು ಹಿಡಿಯಿತೋ, ಅರಿವೆ ಮೇಲೆಯೇ ನಿಂತಿತು. ಅವಳು ನೋಡುತ್ತಿದ್ದಂತೆ ಆ ಕೆಂಪು ಅಗುಳು ಹೊಸ್ತಿಲಿನ ನೆತ್ತಿಯಲ್ಲಿ ಸ್ವಲ್ಪ ಹೊತ್ತು ತೂಗಾಡಿ, ಆಚೆಗೆ ಇಳಿಯಿತು.

"ಅವ್ವಾ."

ಜೈತೂನ ಗೊಂಬೆಯನ್ನು ಬಗಲಲ್ಲಿ ಹಿಡಿದು, ಕಾಳಿನ ಗಡಿಗೆಗಳ ಮರೆಯಲ್ಲಿ ಕುಳಿತಿದ್ದಳು. ಯಾವಾಗ ಬಂದು ಕುಳಿತಿದ್ದಳೋ. ಅಲ್ಲಿಂದ ಒರಳು ಪೂರ್ತಿ ಕಾಣುತ್ತಿತ್ತು.

"ಅವ್ವಾ, ನೀ ಬೇಕಂತ ಬಿಟ್ಟಿ. ನಾ ನೋಡೇನಿ. ಹಿತ್ತಲ ಬಾಗಿಲದಿಂದ ಬಂದು, ಚಕ್ಕಡಿ ಬಂದಾಗ ಇಲ್ಲೇ ಇದ್ದೆ." ಸ್ವಲ್ಪ ತಡೆದು ಕೇಳಿದಳು, "ಅದು ನನ್ನ ಹರಕೀದ ಹೌದಲ್ಲ?"

ಶಾಕೀರಾಳ ಬಾಯಿ ತೆರೆಯಿತು. ಇವಳಿಗಾದರೂ ಹೇಳಬೇಕು, ಇವಳಿಗೆ ಹೇಳದಿದ್ದರೆ ತಾನು ಅವಳ ಅನ್ನವನ್ನು ನೆಲಕ್ಕೆ ಹಾಕಿದವಳಾಗಿ ಉಳಿದುಬಿಡುತ್ತೇನೆ. ಆದರೆ ಹೇಳಿದೊಡನೆ ಇವಳೂ ತಿಳಿದವಳಾಗುತ್ತಾಳೆ. ಇನ್ನು ಮುಂದೆ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿದಾಗಲೆಲ್ಲ ಅಲ್ಲಿ ಕಾಲುಗಳನ್ನು ಹುಡುಕುತ್ತಾಳೆ. ಅವಳು ಬಾಯಿ ಮುಚ್ಚಿದಳು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಹಣೆಗೆ ಕೆನ್ನೆ ಒತ್ತಿದಳು. ಸುಡುತ್ತಿತ್ತು. ಯಾರದು ಸುಡುತ್ತಿದೆ ಎಂದು ಮಾತ್ರ ಗೊತ್ತಾಗಲಿಲ್ಲ. ಒತ್ತಿಕೊಂಡಷ್ಟೂ ಎರಡೂ ಮೈ ಒಂದೇ ಬಿಸಿಯಾಗಿ, ಗೆರೆ ಎಲ್ಲಿದೆ ಎಂದು ತಿಳಿಯದಾಯಿತು.

"ನಾ ಅಜ್ಜಿಗೆ ಹೇಳಂಗಿಲ್ಲ," ಎಂದಳು ಜೈತೂನ ಅವಳ ಕಿವಿಯಲ್ಲಿ.

ಮಸೀದಿಯಿಂದ ಹಜರತರ ನಡುಗುವ ದನಿಯಲ್ಲಿ ಬಾಂಗ್ ಶುರುವಾಯಿತು. ಮಗಳು ಹಿಂದಕ್ಕೆ ಸರಿದು, ಡಾಕ್ಟರರ ಹಾಗೆ ಮುಖ ಗಂಭೀರ ಮಾಡಿಕೊಂಡು, ತನ್ನ ಪುಟ್ಟ ಅಂಗೈಯನ್ನು ತಾಯಿಯ ಹಣೆಯ ಮೇಲಿಟ್ಟಳು. ಆ ಕೈ ತಣ್ಣಗಿತ್ತು.

"ನಿನಗ ಜ್ವರ ಬಂದಾವ ಅವ್ವಾ," ಎಂದಳು. ತಾಯಿಯ ಕಣ್ಣು ನೋಡಿ ಅವಳಿಗೂ ಹೆದರಿಕೆಯಾಗಿರಬೇಕು, ಗೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡು, ದೊಡ್ಡವರು ಸಮಾಧಾನ ಹೇಳುವ ದನಿಯಲ್ಲಿ ಹೇಳಿದಳು, "ಅಂಜಬ್ಯಾಡ. ನಾ ಹರಕಿ ಹೊರ್ತೇನಿ. ಕೆಂಪ ಅನ್ನದ್ದು."